ಪೀಚ್ ಹಣ್ಣಿನ ಗುಣದೋಷ ಬರೆದವರು

ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ಒಂದು ಪಾಠದಲ್ಲಿ ಹಣ್ಣುಗಳ ಹೆಸರುಗಳು ಸಾಲಾಗಿ ಬರುತ್ತಿದ್ದವು. ಅನಾರ್, ಅಂಗೂರ್, ಸೇಬ್, ಆಡೂ. ಅನಾರ್ ಎಂದರೆ ದಾಳಿಂಬೆ. ಅದು ನಮ್ಮ ಹಿತ್ತಲಲ್ಲೇ ಇತ್ತು. ಅಂಗೂರ್ ಸಂತೆಯಲ್ಲಿ ಸಿಗುತ್ತಿತ್ತು. ಸೇಬು, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಬರುತ್ತಿತ್ತು. ಆಡೂ ಎಂದರೇನೆಂದು ಹುಡುಗನೊಬ್ಬ ಎದ್ದು ಕೇಳಿದ. ಉಸ್ತಾದರೂ ಅದನ್ನು ಕಂಡವರಲ್ಲ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಸೇಬಿನಷ್ಟು ದಪ್ಪ, ಮಾವಿನ ಹಾಗೆ ಒಳಗೊಂದು ಗೊರಟೆ, ಮೈಮೇಲೆ ರೋಮ, ತುಂಬಾ ಸಿಹಿ, ಕೂತ್ಕೋ" ಎಂದರು. ಹಣ್ಣಿಗೆ ರೋಮವಿರುತ್ತದೆಂದು ಕೇಳಿ ನಮಗೆಲ್ಲ ನಗು ಬಂತು. ಮೇಕೆಮರಿಯ ಕಿವಿಯಂಥ ಒಂದು ವಸ್ತುವನ್ನು ಕಲ್ಪಿಸಿಕೊಂಡು ನಾವು ಆ ಪಾಠವನ್ನು ಮುಗಿಸಿದೆವು. ಎಷ್ಟೋ ವರ್ಷಗಳ ಮೇಲೆ ದೆಹಲಿಯ ತಳ್ಳುಗಾಡಿಯೊಂದರಲ್ಲಿ ಆಡೂ, ಅಂದರೆ ಪೀಚ್ ಹಣ್ಣನ್ನು ಕೊಂಡು ಕಚ್ಚಿದಾಗ ಉಸ್ತಾದರು ನೆನಪಾದರು. ಅವರು ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಆದರೂ ಅದನ್ನು ನಂಬಿಕೊಂಡು ಸಂತೆಗೆ ಹೋಗಿದ್ದರೆ ನಾವು ಪೀಚ್ ಹಣ್ಣನ್ನು ಗುರುತಿಸುತ್ತಿರಲಿಲ್ಲ.

ಕಾಣದ ಹಣ್ಣನ್ನು ಕಾಣದವನಿಗೆ ಮಾತಿನಲ್ಲಿ ಕಾಣಿಸುವುದು ಕಷ್ಟ. ತಿನ್ನುವವನಿಗಾದರೆ ಅದರಿಂದ ನಷ್ಟವೇನಿಲ್ಲ; ಒಂದು ಹಣ್ಣು ಸಪ್ಪೆಯಾದರೆ ಇನ್ನೊಂದು. ಬೆಳೆಯುವವನ ಪಾಡು ಬೇರೆ. ನಮ್ಮ ಚಾಚಾ ಒಮ್ಮೆ ಹೊರಗಿನ ನರ್ಸರಿಯೊಂದರಿಂದ ಬಾದಾಮಿ ಮಾವಿನ ಕಸಿಗಿಡಗಳೆಂದು ನಲವತ್ತು ಸಸಿ ತಂದು ನೆಟ್ಟರು. ಪ್ರತಿ ಸಸಿಗೂ ಒಂದು ಚೀಟಿ ಕಟ್ಟಿತ್ತು. ಬೇಸಿಗೆಯಲ್ಲಿ ಬಿಂದಿಗೆಯಿಂದ ನೀರು ಹೊತ್ತು ಸಾಕಿದರು. ಆರನೆಯ ವರ್ಷ ಫಲ ಬಂದಾಗ ನೋಡಿದರೆ ನಾರು ನಾರಾದ, ಹುಳಿ ಬೆರೆತ ಯಾವುದೋ ಕಾಯಿ. ನರ್ಸರಿಯವನು ನೆಲದ ದೋಷ ಎಂದ. ಚಾಚಾ ಜಗಳಕ್ಕೆ ಹೋಗಲಿಲ್ಲ. ಮರಗಳ ತಲೆ ಕಡಿಸಿ ಮತ್ತೆ ಕಸಿ ಹಾಕಿಸಿದರು, ಇನ್ನೂ ನಾಲ್ಕು ವರ್ಷ ಕಾದರು. ಹತ್ತು ವರ್ಷ ಹೋದದ್ದು ಒಂದು ಚೀಟಿಯ ಮೇಲಿನ ಒಂದು ಪದದಿಂದ. ಹಣ್ಣಿನ ತಳಿಗಳನ್ನು ವಿವರಿಸಿ, ತೂಗಿ, ಇದು ಈ ನೆಲಕ್ಕೆ ಆದೀತು, ಇದು ಆಗದು ಎಂದು ಬರೆದಿಟ್ಟವರ ಚರಿತ್ರೆಯನ್ನು ನಾವು ಓದಲು ಶುರುಮಾಡಿದ್ದು ಆ ಚೀಟಿಯ ನೆನಪಿನಿಂದಲೇ. ಆ ಚರಿತ್ರೆಯಲ್ಲಿ ಪೀಚ್ ಹಣ್ಣಿಗೊಂದು ವಿಶೇಷ ಸ್ಥಾನವಿದೆ.

ಮೊದಲನೆಯದಾಗಿ, ಅದರ ಹೆಸರೇ ಒಂದು ತಪ್ಪು ಚೀಟಿ. ರೋಮನರು ಅದನ್ನು ಪರ್ಷಿಯಾದ ಸೇಬು ಎಂದು ಕರೆದರು. ಆ 'ಪರ್ಸಿಕ'ವೇ ಸವೆದು ಸವೆದು ಪೀಚ್ ಆಯಿತು. ಲಿನೇಯಸ್ ಕೂಡ 1753ರಲ್ಲಿ ಶಾಸ್ತ್ರೀಯ ಹೆಸರು ಕೊಡುವಾಗ ಪರ್ಸಿಕ ಎಂಬುದನ್ನೇ ಉಳಿಸಿದ. ಆದರೆ ಪೀಚ್ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿನ ಝೆಜಿಯಾಂಗ್ ಪ್ರಾಂತದಲ್ಲಿ ಏಳೆಂಟು ಸಾವಿರ ವರ್ಷ ಹಳೆಯ ಗೊರಟೆಗಳು ಉತ್ಖನನದಲ್ಲಿ ಸಿಕ್ಕಿವೆ. ಇರಾನ್ ಅದಕ್ಕೆ ದಾರಿಯಲ್ಲಿ ಸಿಕ್ಕಿದ ದೊಡ್ಡ ಮನೆ ಅಷ್ಟೆ. ನಮ್ಮ ದೇಶದವರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಕಾನಿಷ್ಕನ ಕಾಲದಲ್ಲಿ ಒತ್ತೆಯಾಳುಗಳಾಗಿ ಬಂದ ಚೀನೀಯರು ಪಂಜಾಬಿನ ಕಡೆ ಪೀಚನ್ನೂ ಪೇರು ಹಣ್ಣನ್ನೂ ತಂದರೆಂದೂ, ಆದ್ದರಿಂದ ಪೀಚಿಗೆ 'ಚೀನಾನಿ' ಎಂಬ ಹೆಸರಿದೆಯೆಂದೂ ಏಳನೆಯ ಶತಮಾನದಲ್ಲಿ ಬಂದ ಹ್ಯುಯೆನ್‌ತ್ಸಾಂಗ್ ಬರೆದಿಟ್ಟಿದ್ದಾನೆ. ಫಾರಸಿಯಲ್ಲಿ ಅದು ಶಫ್ತಾಲು, ಅರಬಿಯಲ್ಲಿ ಖೌಖ್. ರೋಮವಿಲ್ಲದ ನುಣುಪು ಮೈಯ ಬಗೆಯೂ ಉಂಟು. ಇಂಗ್ಲಿಷರು ಅದನ್ನು ನೆಕ್ಟರಿನ್ ಎಂದು ಬೇರೆಯ ಹಣ್ಣಿನಂತೆ ಮಾರುತ್ತಾರೆ, ಮೂಲದಲ್ಲಿ ಅದೂ ಪೀಚೇ.

ಹಣ್ಣಿನ ಮರದ ಬಗ್ಗೆ 'ನಾನೇ ನೆಟ್ಟು ನೋಡಿದ್ದೇನೆ' ಎಂಬ ಮಾತಿಗೆ ಬೆಲೆ ತಂದುಕೊಟ್ಟವರಲ್ಲಿ ಆಂದಲೂಸಿಯದ ಅರಬಿ ಲೇಖಕರನ್ನು ಮೊದಲ ಸಾಲಿನಲ್ಲಿ ಇಡಬೇಕು. ಹನ್ನೊಂದನೆಯ ಶತಮಾನದಲ್ಲಿ ತೊಲೆದೊ ನಗರದ ಇಬ್ನ್ ಬಸ್ಸಾಲ್ ಬರೆದ ಕೃಷಿಗ್ರಂಥ ಬಹುಪಾಲು ಸ್ವಂತ ಅನುಭವದ್ದು. ಹನ್ನೆರಡನೆಯ ಶತಮಾನದ ಕೊನೆಗೆ ಸೆವಿಲ್ಲಾದ ಇಬ್ನ್ ಅಲ್ ಅವ್ವಾಮ್ 'ಕಿತಾಬ್ ಅಲ್ ಫಿಲಾಹ' ಎಂಬ ಬೃಹತ್ ಗ್ರಂಥ ಬರೆದ. ಅದರಲ್ಲಿ ಐನೂರಕ್ಕೂ ಹೆಚ್ಚು ಗಿಡಮರಗಳಿವೆ, ಹಣ್ಣಿನ ಮರಗಳೇ ಐವತ್ತರ ಮೇಲೆ. ಅವನು ಹಳೆಯ ಗ್ರೀಕ್, ನಬಾತಿ, ಅರಬಿ ಲೇಖಕರೆಲ್ಲರನ್ನೂ ಉದ್ಧರಿಸುತ್ತಾನೆ. ಆದರೆ ಅವರ ಮಾತನ್ನು ಅವರ ಹೆಸರಿಗೇ ಬಿಟ್ಟು, ತನ್ನ ಮಾತು ಎಂದು ಹೇಳುವಾಗ ಹಲವು ಸಲ ಪರೀಕ್ಷಿಸಿ ಸರಿಬಂದದ್ದನ್ನು ಮಾತ್ರ ಹೇಳುತ್ತೇನೆ ಎಂದು ಆರಂಭದಲ್ಲೇ ಮಾತು ಕೊಡುತ್ತಾನೆ. ಸೆವಿಲ್ಲಾ ಪಕ್ಕದ ಅಲ್ ಶರಫ್ ದಿಣ್ಣೆಗಳಲ್ಲಿ ಅವನ ಪ್ರಯೋಗಗಳು ನಡೆದವು. ಕೇಳಿದ್ದು ಯಾವುದು, ಕಂಡದ್ದು ಯಾವುದು ಎಂದು ಬೇರೆ ಬೇರೆ ಇಡುವ ಈ ಅಭ್ಯಾಸ ನಮಗೆ ಹದೀಸ್ ಸಂಗ್ರಹಕಾರರ ಶಿಸ್ತನ್ನು ನೆನಪಿಸುತ್ತದೆ. ಇದು ನಮ್ಮ ಅನಿಸಿಕೆ. ಪಂಡಿತರು ಬೇಕಾದರೆ ಒಪ್ಪದಿರಲಿ.

ಮೊಗಲರ ಬರವಣಿಗೆಯಲ್ಲಿ ಹಣ್ಣಿನ ವರ್ಣನೆ ಇನ್ನೊಂದು ದಾರಿ ಹಿಡಿಯಿತು. ಬಾಬರ್ ಫರ್ಗಾನಾದ ಏಪ್ರಿಕಾಟನ್ನೂ ದಾಳಿಂಬೆಯನ್ನೂ ಕರಬೂಜವನ್ನೂ ನೆನೆದು ಬರೆದ ಪುಟಗಳು ಎಷ್ಟು ರುಚಿಕಟ್ಟಾಗಿವೆಯೋ, ಹಿಂದೂಸ್ತಾನದ ಹಣ್ಣುಗಳ ಬಗ್ಗೆ ಬರೆದವು ಅಷ್ಟೇ ಖಾರವಾಗಿವೆ. ಕಾಬೂಲಿಗೆ ಹುಳಿಚೆರ್ರಿಯ ಸಸಿ ತರಿಸಿ ನೆಟ್ಟದ್ದನ್ನು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅವನ ಮರಿಮಗ ಜಹಾಂಗೀರನ ಕೈಯಲ್ಲಂತೂ ಸದಾ ತಕ್ಕಡಿ. 1607ರಲ್ಲಿ ಕಾಬೂಲಿನಲ್ಲಿದ್ದಾಗ ಇಸ್ತಾಲಿಫಿನಿಂದ ಬಂದ ಒಂದು ಪೀಚ್ ಹಣ್ಣಿನ ಗಾತ್ರ ಕಂಡು ಬೆರಗಾಗಿ ತೂಗಿಸಿದ. 63 ಅಕ್ಬರಿ ರೂಪಾಯಿ, ಅಂದರೆ 60 ತೊಲ ತೂಗಿತಂತೆ. ಕೊಯ್ದರೆ ಗೊರಟೆಯೂ ಎರಡಾಗಿ ಬಿಟ್ಟುಕೊಂಡಿತು, ಹಣ್ಣು ಸಿಹಿಯಾಗಿತ್ತು. ಬಾದಶಹನಿಗೆ ಆನಂದವಾಯಿತು. ಇಂದಿನ ತಳಿಪರೀಕ್ಷಕನ ಕೈಗೆ ಆ ಹಣ್ಣು ಸಿಕ್ಕಿದ್ದರೆ ಅವನು ತನ್ನ ಹಾಳೆಯಲ್ಲಿ 'ಗೊರಟೆ ಸೀಳು, ದೋಷ' ಎಂದು ಗುರುತು ಹಾಕುತ್ತಿದ್ದ! ಒಳಗೆ ಗೊರಟೆ ಸೀಳಿದ ಪೀಚ್ ಹಣ್ಣಿನ ತೊಟ್ಟಿನ ಬಳಿ ಬಿರುಕು ಬಿಟ್ಟು ಕೊಳೆ ಹೊಕ್ಕುವುದು ಸುಲಭ. ಅತಿ ದಪ್ಪ ಹಣ್ಣುಗಳಲ್ಲಿ ಇದು ಹೆಚ್ಚು.

ಜಹಾಂಗೀರನನ್ನು ಹಗುರವಾಗಿ ಕಾಣಬೇಕೆಂದು ಈ ಮಾತು ಹೇಳಿದ್ದಲ್ಲ. ಕಾಬೂಲಿನ ಹಣ್ಣುಗಳನ್ನೆಲ್ಲ ಮನಸಾರೆ ತಿಂದು, ತನ್ನ ನಾಲಿಗೆಗೆ ಮಾವಿನ ಸಮ ಯಾವುದೂ ಇಲ್ಲವೆಂದು ಬರೆದ ಪ್ರಾಮಾಣಿಕ ಅವನು. ಕಾಶ್ಮೀರಕ್ಕೆ ಕಾಬೂಲಿನಿಂದ ಸಿಹಿ ಚೆರ್ರಿ ತಂದು ಬೆಳೆಸಿದ ಮುಹಮ್ಮದ್ ಕುಲೀ ಅಫ್ಶಾರನ ಹೆಸರನ್ನು ಉಳಿಸಿದವನೂ ಅವನೇ. ಆದರೆ ಅವನ ವರ್ಣನೆ ತಿನ್ನುವವನದು. ಆ ಪೀಚ್ ಮರ ಯಾವಾಗ ಹೂಬಿಟ್ಟಿತು, ಪ್ರತಿ ವರ್ಷ ಕಾಯುತ್ತದೆಯೆ, ಕಾಬೂಲಿನಿಂದ ಲಾಹೋರಿನವರೆಗೆ ಒಂಟೆಯ ಮೇಲೆ ಹೋದರೆ ಹಣ್ಣು ಉಳಿಯುತ್ತದೆಯೆ ಎಂಬುದು ಅರಮನೆಗೆ ಬೇಕಿರಲಿಲ್ಲ. ಅದು ಮಾಲಿಯ ತಲೆನೋವು. ಮಾಲಿ ಬರೆಯುತ್ತಿರಲಿಲ್ಲ.

ಮಾಲಿಯ ಪ್ರಶ್ನೆಗಳು ಪುಸ್ತಕಕ್ಕೆ ಬಂದ ಕಥೆಯನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಪೀಚ್ ಗೊರಟೆಗಳನ್ನು ಅಲ್ಲಿಗೆ ಒಯ್ದರು. ಅಲ್ಲಿನ ಮೂಲನಿವಾಸಿಗಳು ಅದನ್ನು ಎಷ್ಟು ಪ್ರೀತಿಯಿಂದ ಊರಿಂದೂರಿಗೆ ಹಬ್ಬಿಸಿದರೆಂದರೆ, ಮುಂದೆ ಬಂದ ಇಂಗ್ಲಿಷರು ಪೀಚ್ ಆ ನೆಲದ್ದೇ ಮರ ಎಂದು ತಿಳಿದರು. ಸುಮಾರು ಇನ್ನೂರೈವತ್ತು ವರ್ಷ ಅಲ್ಲಿ ತಳಿಯ ಮಾತೇ ಇರಲಿಲ್ಲ. ಗೊರಟೆ ನೆಟ್ಟರೆ ಮರ, ಬಿದ್ದ ಹಣ್ಣು ಹಂದಿಗೆ, ಉಳಿದದ್ದು ಬ್ರಾಂದಿಗೆ. ಗೊರಟೆಯಿಂದ ಹುಟ್ಟಿದ ಮರ ತಾಯಿಯನ್ನೇ ಹೋಲಬೇಕೆಂದಿಲ್ಲವಲ್ಲ; ಹಂದಿಗೆ ಅದರ ಪರಿವೆಯಿಲ್ಲ. ರೈಲು ಬಂದು, ನೂರಾರು ಮೈಲಿ ದೂರದ ಪೇಟೆಗೆ ಹಣ್ಣು ಕಳಿಸಬಹುದಾದ ಮೇಲೆ ಎಲ್ಲ ಪೆಟ್ಟಿಗೆಯಲ್ಲೂ ಒಂದೇ ಬಗೆಯ ಹಣ್ಣು ಬೇಕಾಯಿತು. ಅಲ್ಲಿಂದ ಕಸಿ, ಕಸಿಯಿಂದ ಹೆಸರು, ಹೆಸರಿನ ಹಿಂದೆಯೇ ಮೋಸ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಸಿ ಮಾರುವ ಏಜೆಂಟರು ಊರೂರು ತಿರುಗುತ್ತಿದ್ದರು. ಅವರ ಕೈಯಲ್ಲಿ ಬಣ್ಣದ ಚಿತ್ರಗಳ ಒಂದು ಪುಸ್ತಕ. ನ್ಯೂಯಾರ್ಕ್ ರಾಜ್ಯದ ರೊಚೆಸ್ಟರ್ ನಗರದಲ್ಲಿ ಇಂಥ ಚಿತ್ರಗಳನ್ನು ಅಚ್ಚುಪಟ್ಟಿ ಇಟ್ಟು ಬಣ್ಣ ಬಳಿದು ತಯಾರಿಸುವುದೇ ಒಂದು ದೊಡ್ಡ ಕಸುಬಾಗಿತ್ತು. ಚಿತ್ರದಲ್ಲಿ ಪ್ರತಿ ಹಣ್ಣೂ ದಪ್ಪ, ಪ್ರತಿ ಕೆನ್ನೆಯೂ ಕೆಂಪು. ಒಂದೇ ಹಣ್ಣು ಐದು ಊರುಗಳಲ್ಲಿ ಐದು ಹೆಸರಿನಿಂದ ಮಾರಾಟವಾಗುತ್ತಿತ್ತು. ಹಳೆಯ ತಳಿಯೊಂದು ಹೊಸ ಹೆಸರು ಹೊತ್ತು ಮೂರು ಪಟ್ಟು ಬೆಲೆಗೆ ಹೋಗುತ್ತಿತ್ತು. ಹಣ್ಣು ಬಿಡುವ ಹೊತ್ತಿಗೆ ಏಜೆಂಟ್ ಎಲ್ಲಿದ್ದಾನೋ ಯಾರಿಗೆ ಗೊತ್ತು? ನಮ್ಮ ಚಾಚಾ ಇದನ್ನು ಓದಿದ್ದರೆ ಅಮೆರಿಕವೂ ನಮ್ಮದೇ ತಾಲ್ಲೂಕು ಎನ್ನುತ್ತಿದ್ದರು.

ಇದಕ್ಕೆ ಮದ್ದು ಹುಡುಕಿದವರು ಮೊದಲಿಗೆ ಬೆಳೆಗಾರರೇ. 1848ರಲ್ಲಿ ಹಣ್ಣು ಬೆಳೆಗಾರರ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಮುಂದೆ ಅದು ಅಮೆರಿಕನ್ ಪೊಮಲಾಜಿಕಲ್ ಸೊಸೈಟಿ ಎಂದು ಹೆಸರಾಯಿತು. ಒಂದು ಹಣ್ಣಿಗೆ ಒಂದೇ ಹೆಸರು ಎಂದು ಅವರು ನಿಯಮ ಮಾಡಿದರು. ಯಾವ ರಾಜ್ಯಕ್ಕೆ ಯಾವ ತಳಿ ಒಳ್ಳೆಯದೆಂದು ನಕ್ಷತ್ರದ ಗುರುತಿಟ್ಟು ಪಟ್ಟಿ ಮಾಡಿದರು. ಅದಕ್ಕಿಂತ ಮುಖ್ಯವಾದದ್ದು, ಬೆಳೆಯಲು ಯೋಗ್ಯವಲ್ಲದ ತಳಿಗಳನ್ನು ಹೆಸರು ಹೇಳಿ ತಿರಸ್ಕರಿಸಿದ ಪಟ್ಟಿ. ಹೊಗಳುವುದಕ್ಕೆ ಯಾರೂ ಬೇಕಾಗುವುದಿಲ್ಲ, ಬೇಡ ಎನ್ನಲು ಎದೆ ಬೇಕು. 1886ರಲ್ಲಿ ಅಲ್ಲಿನ ಸರಕಾರದ ಕೃಷಿ ಇಲಾಖೆ ಹಣ್ಣಿನ ತಳಿಗಳಿಗೆಂದೇ ಒಂದು ವಿಭಾಗ ತೆರೆದು, ಹಣ್ಣುಗಳ ಜಲವರ್ಣ ಚಿತ್ರ ಬರೆಯಲು ಕಲಾವಿದರನ್ನು ನೇಮಿಸಿತು. 1942ರವರೆಗೆ ಸುಮಾರು 7500 ಚಿತ್ರಗಳಾದವು. ಅರ್ಧಕ್ಕಿಂತ ಹೆಚ್ಚನ್ನು ಬರೆದವರು ಮೂವರು ಮಹಿಳೆಯರು: ಡೆಬೊರಾ ಪಾಸ್‌ಮೋರ್, ಅಮಾಂಡಾ ನ್ಯೂಟನ್, ಮೇರಿ ಡೈಸಿ ಆರ್ನಲ್ಡ್. ಆ ಚಿತ್ರಗಳಲ್ಲಿ ಹಣ್ಣಿನ ಪಕ್ಕದಲ್ಲಿ ಅದನ್ನು ಕೊಯ್ದ ಅರ್ಧ ಹೋಳು ಇರುತ್ತದೆ. ಹುಳುಕಿದ್ದರೆ ಹುಳುಕು, ಕಲೆಯಿದ್ದರೆ ಕಲೆ ಇರುತ್ತದೆ. ಯಾವ ಊರಿನಿಂದ, ಯಾವ ಬೆಳೆಗಾರನಿಂದ, ಯಾವ ದಿನ ಬಂದದ್ದು ಎಂದು ಬರೆದಿರುತ್ತದೆ. ಏಜೆಂಟನ ಬಣ್ಣದ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು.

ಈ ನಡುವೆ ಒಂದು ಪೀಚ್ ತಳಿ ಎಲ್ಲರ ಲೆಕ್ಕಾಚಾರವನ್ನೂ ಬದಲಿಸಿತು. 1850ರಲ್ಲಿ ಶಾಂಘೈಯಿಂದ ಕುಂಡದಲ್ಲಿ ಬಂದ 'ಚೈನೀಸ್ ಕ್ಲಿಂಗ್' ಎಂಬ ಪೀಚ್ ಗಿಡ ಚಾರ್ಲ್ಸ್ ಡೌನಿಂಗ್ ಎಂಬ ಹಣ್ಣುಪ್ರಿಯನ ಕೈಸೇರಿತು. ಅಲ್ಲಿಂದ ಅದರ ಸಂತತಿ ಜಾರ್ಜಿಯಾ ರಾಜ್ಯದ ಮಾರ್ಷಲ್‌ವಿಲ್ ಎಂಬ ಊರಿನ ರಂಫ್ ಕುಟುಂಬಕ್ಕೆ ಹೋಯಿತು. ಸ್ಯಾಮುಯೆಲ್ ರಂಫ್ 1870ರಲ್ಲಿ ಅದರ ಗೊರಟೆಗಳನ್ನು ನೆಟ್ಟಾಗ ಹುಟ್ಟಿದ ಒಂದು ಸಸಿಗೆ ತನ್ನ ಹೆಂಡತಿಯ ಹೆಸರಿಟ್ಟ: ಎಲ್ಬರ್ಟಾ. ಹಳದಿ ತಿರುಳು, ದೊಡ್ಡ ಗಾತ್ರ, ತಿರುಳಿನಿಂದ ಸಲೀಸಾಗಿ ಬಿಟ್ಟುಕೊಳ್ಳುವ ಗೊರಟೆ, ಗಟ್ಟಿ ಮೈ. ರೈಲಿನಲ್ಲಿ ದಿನಗಟ್ಟಲೆ ಹೋದರೂ ನುಗ್ಗಾಗುತ್ತಿರಲಿಲ್ಲ. ಐಸ್ ತುಂಬಿ ಹಣ್ಣು ಕಳಿಸುವ ಪೆಟ್ಟಿಗೆಯನ್ನೂ ರಂಫ್ ತಯಾರಿಸಿದ, ಅದಕ್ಕೆ ಪೇಟೆಂಟ್ ಪಡೆಯುವ ಗೋಜಿಗೆ ಹೋಗಲಿಲ್ಲ. ಕೆಲವೇ ದಶಕಗಳಲ್ಲಿ ಎಲ್ಬರ್ಟಾ ದೇಶದ ಪೇಟೆಯನ್ನೇ ಆಳಿತು. ರುಚಿಯೊ? ಅಷ್ಟಕ್ಕಷ್ಟೆ, ಗೊರಟೆಯ ಬಳಿ ತುಸು ಕಹಿ ಬೇರೆ. ನಮ್ಮಲ್ಲಿ ರಸಪುರಿಯ ರುಚಿ ಬಲ್ಲವರೂ ಲಾರಿಗೆ ತೋತಾಪುರಿಯನ್ನೇ ಹೇರುವುದಿಲ್ಲವೆ, ಹಾಗೆ.

ಇಂಥ ಹಣ್ಣಿನ ಬಗ್ಗೆ ಪ್ರಾಮಾಣಿಕನಾದ ಪರೀಕ್ಷಕ ಏನು ಬರೆಯಬೇಕು? ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬಲ್ಲಿನ ಕೃಷಿ ಪ್ರಯೋಗ ಕೇಂದ್ರದಲ್ಲಿದ್ದ ಯು. ಪಿ. ಹೆಡ್ರಿಕ್ 1917ರಲ್ಲಿ ಪ್ರಕಟಿಸಿದ 'ದಿ ಪೀಚಸ್ ಆಫ್ ನ್ಯೂಯಾರ್ಕ್' ಎಂಬ ದಪ್ಪ ಗ್ರಂಥ ಈ ಪ್ರಶ್ನೆಗೆ ಉತ್ತರದಂತಿದೆ. ದ್ರಾಕ್ಷಿ, ಪ್ಲಮ್, ಚೆರ್ರಿಗಳ ಮೇಲೆ ಅವನು ಆಗಲೇ ಇಂಥ ಗ್ರಂಥಗಳನ್ನು ತಂದಿದ್ದ. ಒಂದೊಂದು ತಳಿಗೂ ಒಂದೇ ಕ್ರಮ. ಅದರ ಕಥೆ, ಎಲ್ಲಿ ಹುಟ್ಟಿತು, ಯಾರು ನೆಟ್ಟರು. ಜೊತೆಗೆ ಅದು ಯಾತಕ್ಕೆ ಆದೀತು, ಯಾತಕ್ಕೆ ಆಗದು ಎಂಬ ತೀರ್ಪು. ಕೊನೆಗೆ ಮರದಿಂದ ಗೊರಟೆಯವರೆಗೆ ತುಂಡು ತುಂಡು ಮಾತಿನ ವಿವರ: ಮರದ ಬಲ, ಚಳಿ ತಡೆಯುವ ಶಕ್ತಿ, ಎಲೆ, ಹೂವಿನ ಗಾತ್ರ, ಹಣ್ಣಾಗುವ ಕಾಲ, ಆಕಾರ, ಬಣ್ಣ, ರೋಮದ ಒತ್ತು, ತಿರುಳು, ನಾರು, ರಸ, ಗೊರಟೆಯ ಅಂಟು. ಎಲ್ಬರ್ಟಾದ ರುಚಿಯನ್ನು ಅವನು ಹೊಗಳಲಿಲ್ಲ. ಆದರೆ ಯಾವ ಹವೆಗೂ ಯಾವ ಮಣ್ಣಿಗೂ ಹೊಂದಿಕೊಳ್ಳುವ ಅದರ ಗುಣವನ್ನು ಕಡಿಮೆ ಮಾಡಿಯೂ ಹೇಳಲಿಲ್ಲ. ತನ್ನ ನಾಲಿಗೆಯನ್ನೂ ಬೆಳೆಗಾರನ ಜೇಬನ್ನೂ ಬೇರೆ ಬೇರೆ ತೂಗಿದ.

ಅವನ ವಿವರಗಳಲ್ಲಿ ನಮಗೆ ಬಲು ಹಿಡಿಸಿದ್ದು ಎಲೆತೊಟ್ಟಿನ ಗ್ರಂಥಿಗಳು. ಪೀಚ್ ಎಲೆಯ ತೊಟ್ಟಿನ ಬಳಿ ಸಾಸಿವೆಗಿಂತ ಸಣ್ಣ ಗಂಟುಗಳಿರುತ್ತವೆ. ಕೆಲವು ತಳಿಗಳಲ್ಲಿ ಅವು ದುಂಡಗೆ, ಕೆಲವದರಲ್ಲಿ ಮೂತ್ರಪಿಂಡದ ಆಕಾರ, ಕೆಲವದರಲ್ಲಿ ಇರುವುದೇ ಇಲ್ಲ. ಇಲ್ಲದ ತಳಿಗಳಿಗೆ ಬೂದಿರೋಗ ಬೇಗ ತಗಲುತ್ತದೆ. ಹಣ್ಣಿಗಾಗಿ ವರ್ಷಗಟ್ಟಲೆ ಕಾಯದೆ, ಮೊಣಕಾಲೆತ್ತರದ ಸಸಿಯ ಎಲೆಯನ್ನು ತಿರುವಿ ನೋಡಿಯೇ 'ಇದು ನೀನು ಹೇಳಿದ ತಳಿ ಅಲ್ಲ' ಎಂದು ಎಷ್ಟೋ ಸಲ ಹೇಳಿಬಿಡಬಹುದು. ಮಾವಿನ ಎಲೆಯ ವಾಸನೆಯಿಂದ ತಳಿ ಹೇಳುವ ಹಿರಿಯರು ನಮ್ಮಲ್ಲೂ ಇದ್ದರು. ಆದರೆ ಚಾಚಾ ಸಸಿ ಕೊಳ್ಳಲು ಹೋದ ದಿನ ಅಂಥವರು ಯಾರೂ ಜೊತೆಗಿರಲಿಲ್ಲ.

ಇಷ್ಟು ಜತನದಿಂದ ಬರೆಯುವವರ ಕಾಲದಲ್ಲೂ ಒಂದು ದೊಡ್ಡ ಎಡವಟ್ಟಾಯಿತು. ಕನೆಕ್ಟಿಕಟ್ ರಾಜ್ಯದ ಜೆ. ಎಚ್. ಹೇಲ್ ಎಂಬ ಹೆಸರಾಂತ ಬೆಳೆಗಾರನ ತೋಟದಲ್ಲಿ ಸಿಕ್ಕ ಪೀಚೊಂದು ಅವನದೇ ಹೆಸರಿನಲ್ಲಿ 1912ರ ಸುಮಾರಿಗೆ ಭಾರಿ ಜಾಹೀರಾತಿನೊಂದಿಗೆ ಮಾರಾಟಕ್ಕೆ ಬಂತು. ಎಲ್ಬರ್ಟಾಗಿಂತ ದಪ್ಪ, ಗುಂಡಗೆ, ಗಟ್ಟಿ, ರೋಮ ಕಡಿಮೆ. ಹೇಳಿದ್ದೆಲ್ಲ ನಿಜವೇ. ಹೇಳದೆ ಬಿಟ್ಟದ್ದು ಒಂದೇ. ಪೀಚ್ ಮರಗಳು ಸಾಮಾನ್ಯವಾಗಿ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಜೆ. ಎಚ್. ಹೇಲ್ ಹೂವಿನಲ್ಲಿ ಜೀವಂತ ಪರಾಗವಿಲ್ಲ. ಪಕ್ಕದಲ್ಲಿ ಬೇರೆ ತಳಿಯ ಪೀಚ್ ಇದ್ದರೆ ಹಣ್ಣು, ಇಲ್ಲದಿದ್ದರೆ ಹೂವು ಮಾತ್ರ. ಎಕರೆಗಟ್ಟಲೆ ಅದೊಂದನ್ನೇ ನೆಟ್ಟವರ ತೋಟ ಚೈತ್ರದಲ್ಲಿ ಗುಲಾಬಿ ಬಣ್ಣದಲ್ಲಿ ಮಿನುಗಿ, ಸುಗ್ಗಿಯಲ್ಲಿ ಬರಿದಾಗಿ ನಿಂತಿತು. ಪರೀಕ್ಷಾ ತೋಟದಲ್ಲಿ ಹತ್ತಾರು ತಳಿಗಳು ಒಟ್ಟೊಟ್ಟಿಗೆ ಇರುವುದರಿಂದ ಅಲ್ಲಿ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಇಂದಿನ ತಳಿವಿವರಗಳಲ್ಲಿ ಪರಾಗದ ಬಗ್ಗೆ ಒಂದು ಸಾಲು ತಪ್ಪದೆ ಇರುವುದಕ್ಕೆ ಆ ಬೆಳೆಗಾರರು ತೆತ್ತ ಬೆಲೆ ದೊಡ್ಡದು.

ಇನ್ನೊಂದು ಸಾಲು ಅದಕ್ಕಿಂತಲೂ ಮುಖ್ಯ. ಪೀಚ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರೆ ಹೋಗುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿ ಇಂತಿಷ್ಟು ಗಂಟೆ ಕಳೆದರೆ ಮಾತ್ರ ಅದು ಸರಿಯಾಗಿ ಎಚ್ಚರಗೊಳ್ಳುವುದು. ಎಲ್ಬರ್ಟಾಗೆ ಎಂಟುನೂರು ಗಂಟೆಗೂ ಮಿಗಿಲು ಬೇಕು. ಅಷ್ಟು ಚಳಿ ಸಿಗದ ಊರಿನಲ್ಲಿ ನೆಟ್ಟರೆ ಮೊಗ್ಗು ಅಲ್ಲೊಂದು ಇಲ್ಲೊಂದು ಒಡೆಯುತ್ತದೆ, ಎಲೆ ತಡವಾಗಿ ಬರುತ್ತದೆ, ಮರ ಬದುಕಿಯೂ ಸತ್ತಂತಿರುತ್ತದೆ. ಫ್ಲಾರಿಡಾದ ವಿಶ್ವವಿದ್ಯಾಲಯದವರು 1950ರ ದಶಕದಿಂದ ಬಿಸಿ ಸೀಮೆಯ ಪೀಚುಗಳೊಂದಿಗೆ ಬೆರಕೆ ಮಾಡಿ ಕಡಿಮೆ ಚಳಿಯ ತಳಿಗಳನ್ನು ತೆಗೆದರು. ಅವುಗಳಲ್ಲಿ ಫ್ಲಾರ್ಡಾಪ್ರಿನ್ಸ್‌ಗೆ 150 ಗಂಟೆ ಸಾಕು. ಹಾಗೆಂದು ಅದನ್ನು ಶಿಮ್ಲಾದ ಮೇಲೆ ನೆಟ್ಟರೂ ಕೇಡೇ; ಬೇಗ ಎಚ್ಚೆತ್ತು ಹೂಬಿಟ್ಟು ಹಿಮಕ್ಕೆ ಸಿಕ್ಕಿ ಸುಟ್ಟುಹೋಗುತ್ತದೆ. ಆದ್ದರಿಂದಲೇ 'ಒಳ್ಳೆಯ ತಳಿ' ಎಂಬ ಎರಡು ಪದಗಳಿಗೆ ಊರಿನ ಹೆಸರು ಸೇರದಿದ್ದರೆ ಅರ್ಥವೇ ಇಲ್ಲ.

1940ರಲ್ಲಿ ಮಿಷಿಗನ್ ರಾಜ್ಯದ ಸೌತ್ ಹೇವನ್ ಪ್ರಯೋಗ ಕೇಂದ್ರದಿಂದ ಸ್ಟ್ಯಾನ್ಲಿ ಜಾನ್‌ಸ್ಟನ್ ಹೊರತಂದ ರೆಡ್‌ಹೇವನ್ ತಳಿಯ ತಾಯಿತಂದೆಗಳೆರಡೂ ಆ ಪರಾಗವಿಲ್ಲದ ಜೆ. ಎಚ್. ಹೇಲ್‌ನ ಮಕ್ಕಳು. ತನ್ನ ಪರಾಗವಿಲ್ಲದ್ದರಿಂದ ಬೇರೆ ಪರಾಗ ಹಚ್ಚಿ ಬೆರಕೆ ಮಾಡಲು ಹೇಲ್ ಬಲು ಅನುಕೂಲವಾಗಿತ್ತು! ಬೆಳೆಗಾರನಿಗೆ ಶಾಪವಾದದ್ದು ತಳಿಗಾರನಿಗೆ ವರವಾಯಿತು. ರೆಡ್‌ಹೇವನ್ ಎಷ್ಟು ಊರುಗಳಲ್ಲಿ ನೆಲೆನಿಂತಿತೆಂದರೆ ಕ್ರಮೇಣ ಅದೇ ಪಂಚಾಂಗವಾಯಿತು. ಮೊದಲು 'ಎಲ್ಬರ್ಟಾಗಿಂತ ಇಷ್ಟು ದಿನ ಮುಂಚೆ' ಎಂದು ಬರೆಯುತ್ತಿದ್ದವರು ಈಗ 'ರೆಡ್‌ಹೇವನ್‌ಗಿಂತ ಇಷ್ಟು ದಿನ ಮುಂಚೆ, ಇಷ್ಟು ದಿನ ಹಿಂದೆ' ಎಂದು ಬರೆಯುತ್ತಾರೆ. ಜುಲೈ 20 ಎಂದು ಬರೆದರೆ ಅದು ಒಂದು ಊರಿನ, ಒಂದು ವರ್ಷದ ಸತ್ಯ. 'ರೆಡ್‌ಹೇವನ್ ಆದ ಹತ್ತು ದಿನಕ್ಕೆ' ಎಂದರೆ ಆ ಮರವಿರುವ ಯಾವ ಊರಿನವನೂ ಲೆಕ್ಕ ಹಾಕಿಕೊಳ್ಳಬಹುದು. ಉಗಾದಿ ಕಳೆದ ಹದಿನೈದು ದಿನಕ್ಕೆ ಎನ್ನುವ ನಮ್ಮ ರೈತನ ಮಾತಿನ ಹಾಗೆ.

ಈಗ ಪರೀಕ್ಷಕರ ಕೈಗೆ ಯಂತ್ರಗಳೂ ಬಂದಿವೆ. ಸಿಪ್ಪೆ ಹೆರೆದು ತಿರುಳಿಗೆ ಕಡ್ಡಿಯೊತ್ತಿ ಗಟ್ಟಿತನ ಅಳೆಯುವ ಸಾಧನ 1925ರಿಂದಲೂ ಇದೆ. ಒಂದು ಹನಿ ರಸದಲ್ಲಿ ಸಕ್ಕರೆಯನ್ನಳೆಯುವ ಬ್ರಿಕ್ಸ್ ಕೊಳವೆಯಿದೆ. ಬಣ್ಣಕ್ಕೆ ಇಷ್ಟು ಅಂಕ, ಗಾತ್ರಕ್ಕೆ ಇಷ್ಟು, ಎಲೆಚುಕ್ಕೆ ರೋಗಕ್ಕೆ ಇಷ್ಟು. ಇದರಿಂದ ಒಳ್ಳೆಯದಾಯಿತು. ಆದರೆ ಅಂಕ ಕೊಟ್ಟದ್ದು ಬೆಳೆಯುತ್ತದೆ, ಕೊಡದ್ದು ಸೊರಗುತ್ತದೆ. ಪೀಚ್ ಹಣ್ಣಾಯಿತೆಂದು ತಿಳಿಯುವುದು ಮೇಲಿನ ಕೆಂಪಿನಿಂದಲ್ಲ, ಅದರ ಕೆಳಗಿನ ಹಸಿರು ಹಳದಿಗೆ ತಿರುಗುವುದರಿಂದ. ಪೇಟೆ ಕೆಂಪು ಕೇಳಿತು, ಪರೀಕ್ಷಕರು ಕೆಂಪಿಗೆ ಅಂಕ ಕೊಟ್ಟರು, ತಳಿಗಾರರು ಮೈಯೆಲ್ಲ ಕೆಂಪಾದ ಪೀಚುಗಳನ್ನು ತೆಗೆದರು. ಕೆಳಗಿನ ಬಣ್ಣವೇ ಕಾಣದಾದ ಮೇಲೆ ಕಾಯನ್ನೇ ಹಣ್ಣೆಂದು ಕೀಳುವುದು ಸುಲಭವಾಯಿತು. ಅಂಗಡಿಯ ಪೀಚ್ ನೋಡಲು ಮದುವಣಗಿತ್ತಿ, ಕಚ್ಚಿದರೆ ಮೂಲಂಗಿ ಎಂದು ಗೊಣಗುವವರು ಈ ಸರಪಳಿಯನ್ನು ಒಮ್ಮೆ ಹಿಂದಕ್ಕೆ ಎಳೆದು ನೋಡಬೇಕು. ಏಜೆಂಟನ ಪುಸ್ತಕದಲ್ಲಿ ಸುಳ್ಳಾಗಿದ್ದ ಕೆಂಪು ಕೆನ್ನೆ ನೂರು ವರ್ಷದಲ್ಲಿ ನಿಜವಾಯಿತು, ಒಳಗಿನ ರುಚಿಯೊಂದು ಬಿಟ್ಟು.

ನಮ್ಮ ದೇಶದ ಬಯಲು ಸೀಮೆಯ ಪೀಚುಗಳ ಹೆಸರುಗಳೇ ಚೆಂದ. ಸಹಾರನ್‌ಪುರದ ಸುತ್ತಿನ ಹಳೆಯ ತಳಿ ಶರ್ಬತಿ. ಹೆಸರೇ ಅರ್ಧ ವಿವರಣೆ, ರಸ ತುಂಬಿದ್ದು ಎಂದು ಹೇಳಿಬಿಡುತ್ತದೆ. ಅದನ್ನು ಫ್ಲಾರಿಡಾದ ಫ್ಲಾರ್ಡಾಸನ್ ಜೊತೆ ಬೆರಸಿ ಅಲ್ಲಿನ ಹಣ್ಣು ಸಂಶೋಧನಾ ಕೇಂದ್ರದವರು ತೆಗೆದದ್ದು ಸಹಾರನ್‌ಪುರ್ ಪ್ರಭಾತ್, ಬೇಗ ಹಣ್ಣಾಗುವುದರಿಂದ ಪ್ರಭಾತ್. ಪಂಜಾಬಿನಲ್ಲಿ ಶಾನ್‌-ಎ-ಪಂಜಾಬ್. ಶರ್ಬತ್, ಪ್ರಭಾತ್, ಶಾನ್: ಮೂರು ಪದಗಳಲ್ಲಿ ಎರಡು ಉರ್ದು ಶಾಲೆಯವು, ಒಂದು ಕನ್ನಡ ಶಾಲೆಯಲ್ಲೂ ಅರ್ಥವಾಗುವಂಥದು.

ಇವನ್ನೆಲ್ಲ ಓದುತ್ತಿದ್ದಾಗ ನಮ್ಮ ಕಡೆಯ ಒಂದು ಪುಟವೂ ಸಿಕ್ಕಿತು. 1800ರ ಮೇ ತಿಂಗಳಲ್ಲಿ, ಟಿಪ್ಪು ಸುಲ್ತಾನ್ ಮಡಿದು ಒಂದು ವರ್ಷವಾಗಿದ್ದಾಗ, ಕಂಪನಿಯ ಪರವಾಗಿ ದೇಶ ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ಸುತ್ತಿದ. ಚೌಕ ಚೌಕವಾದ ಮಡಿಗಳು, ನಡುವೆ ಕಾಲುದಾರಿ, ದಾರಿಯುದ್ದಕ್ಕೂ ಸೈಪ್ರಸ್ ಮರಗಳು. ಒಂದೊಂದು ಬಗೆಗೆ ಒಂದೊಂದು ಮಡಿ ಮೀಸಲಿಡುವುದು ಮುಸಲ್ಮಾನರ ಪದ್ಧತಿ, ಗುಲಾಬಿಗೊಂದು, ದಾಳಿಂಬೆಗೊಂದು ಎಂದು ಅವನು ಗುರುತು ಹಾಕಿಕೊಂಡ. ಸೇಬು ಮತ್ತು ಪೀಚ್ ಮರಗಳು ಅಲ್ಲಿ ಫಲ ಕೊಡುತ್ತವೆ ಎಂದೂ ಬರೆದ.

ಬೆಂಗಳೂರಿನ ಚಳಿ ಎಂಥದೆಂದು ಓದುಗರಿಗೆ ಗೊತ್ತು. 7 ಡಿಗ್ರಿಯ ಹತ್ತಿರಕ್ಕೂ ಪಾದರಸ ಇಳಿಯುವುದು ಅಪರೂಪ. ಅಲ್ಲಿ ಕಾಯಿ ಕಟ್ಟಿದ ಪೀಚ್ ಎಂದರೆ ಚಳಿಯನ್ನು ಬಹುತೇಕ ಕೇಳದ ಪೀಚ್. ಫ್ಲಾರಿಡಾದವರು ನೂರೈವತ್ತು ವರ್ಷದ ಮೇಲೆ ಇಂಥದ್ದಕ್ಕಾಗಿ ಎಲ್ಲೆಲ್ಲಿಂದಲೋ ಗಿಡ ತರಿಸಿದರು. ಸುಲ್ತಾನನ ಮಡಿಯಲ್ಲಿ ಅದು ನಿಂತಿತ್ತು. ಆದರೆ ಬುಕಾನನ್‌ನ ಆ ಸಾಲಿನಲ್ಲಿ ಅದರ ಹೆಸರಿಲ್ಲ. ತಿರುಳು ಬಿಳಿಯೋ ಹಳದಿಯೋ, ಗೊರಟೆ ಅಂಟಿತ್ತೋ ಬಿಟ್ಟುಕೊಳ್ಳುತ್ತಿತ್ತೋ, ಯಾವ ತಿಂಗಳಲ್ಲಿ ಹೂಬಿಟ್ಟಿತು, ಸಸಿ ಯಾವ ದೇಶದಿಂದ ಬಂತು, ಯಾವುದೂ ಇಲ್ಲ. ಆ ಮಡಿಗೆ ನೀರು ಹಾಯಿಸುತ್ತಿದ್ದ ಮಾಲಿಗೆ ಇದರಲ್ಲಿ ಹೆಚ್ಚಿನದು ಬಾಯಿಪಾಠವಾಗಿದ್ದಿರಬೇಕು. ಬೇಸಗೆಯ ಆ ದಿನ ಅವನೂ ಅಲ್ಲೇ ಎಲ್ಲೋ ಕಪಿಲೆಯ ಬಳಿ ನಿಂತಿದ್ದಾನು.